ಬುದ್ಧಿ ಹೇಳುವವರಿಗೆ ಒಂದು ಮಾತು



ಈ ಬಾರಿ ಹಳೆಯ ನೆನಪುಗಳನ್ನು ಹೇಳಿ ನಿಮ್ಮನ್ನು ರಂಜಿಸುವ ಉದ್ದೇಶದಿಂದ ಬರೆಯಲು ಕುಳಿತಿಲ್ಲ. ಸ್ವಲ್ಪ ಜಗಳವಾಡಬೇಕೆಂದೇ ಕುಳಿತಿದ್ದೇನೆ. ಈ ಜಗಳದಲ್ಲಿ ಮೊದಲನೆಯ ಆರೋಪಿ ನಾನೇ ಆದ್ದರಿಂದ ಯಾರೂ ಬೇಸರಿಸಲಾರಿರಿ ಎಂದು ನಂಬಿದ್ದೇನೆ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ತಮ್ಮನ ಮನೆಗೆ ಹೋಗಿದ್ದೆ. ತಮ್ಮನ ಮೊಮ್ಮಗಳು ಮೂರನೆಯ ತರಗತಿಯಲ್ಲಿ ಓದುತ್ತಾಳೆ. ಒಂದು ಸಂಜೆ ಅವಳು ಶಾಲೆಯಿಂದ ಮುಖ ಬಾಡಿಸಿಕೊಂಡು ಬಂದಳು. ಡೈರಿಯಲ್ಲಿ ಕೆಂಪು ಶಾಯಿಯ ಒಕ್ಕಣೆಯೊಂದಿತ್ತು. ಮಗು ತನ್ನ ರೈನ್‌ಕೋಟನ್ನು ಅಪರಿಚಿತರಿಗೆ ಕೊಟ್ಟು, ನೆನೆದ ಬಟ್ಟೆಯಲ್ಲಿ ತರಗತಿಗೆ ಬಂದಿದೆ. ಇಂತಹ ವರ್ತನೆ ಮರುಕಳಿಸದಂತೆ ಪೋಷಕರು ತಿಳಿಹೇಳತಕ್ಕದ್ದು ಎಂಬುದು ಅದರ ತಾತ್ಪರ್ಯ.

ನಡೆದದ್ದು ಇಷ್ಟೇ. ಶಾಲೆಯ ಗೇಟಿನ ಬಳಿ ಕೇಬಲ್ ಹಾಕುವುದಕ್ಕಾಗಿ ರಸ್ತೆ ಅಗೆಯುತ್ತಿದ್ದರು. ಕಲ್ಯಾಣ ಕರ್ನಾಟಕದ ಕಡೆಯಿಂದ ಕೂಲಿಗೆ ಬಂದ ಹೆಂಗಸೊಬ್ಬಳು, ಮಳೆ ಜೋರಾದಾಗ, ಹಸುಗೂಸನ್ನು ಖಾಲಿ ಸಿಮೆಂಟ್ ಚೀಲದ ಕೆಳಗೆ ಅವುಚಿಕೊಂಡು ಕಾಂಪೌಂಡ್ ಗೋಡೆಗೆ ಒತ್ತಿ ನಿಂತಿದ್ದಳು. ವ್ಯಾನಿನಿಂದಿಳಿದ ನಮ್ಮ ಹುಡುಗಿ ಅದನ್ನು ನೋಡಿದಳು, ರೈನ್‌ಕೋಟ್ ಬಿಚ್ಚಿದಳು, ಕೊಟ್ಟಳು, ಒಳಗೆ ಓಡಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಒದ್ದೆಯಾಗಿ ಕುಳಿತು ಸೀನಿದ್ದರಿಂದ ಸಿಕ್ಕಿಬಿದ್ದಳು.

ಅವಳ ತಾಯಿ, ಎಂದರೆ ನನ್ನ ತಮ್ಮನ ಮಗಳು, ನನ್ನ ಕಡೆ ತಿರುಗಿ, “ದೊಡ್ಡಪ್ಪ, ನೀವು ಮೇಷ್ಟ್ರಾಗಿದ್ದವರು. ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದಳು. ಮಗು ನನ್ನ ಮುಂದೆ ಬಂದು ನಿಂತು, “ಪಾಪುಗೆ ಟೋಪೀನೂ ಇರಲಿಲ್ಲ ತಾತ” ಎಂದಿತು.

ಮೂವತ್ತಕ್ಕೂ ಹೆಚ್ಚು ವರ್ಷ ಬುದ್ಧಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನಿಗೆ ಅಂದು ಮಾತು ಹೊರಡಲಿಲ್ಲ. ಕಾರಣವನ್ನು ಈಗ ಹೇಳುತ್ತೇನೆ. ಇದುವರೆಗೆ ಮನೆಯವರಿಗೂ ಹೇಳಿರಲಿಲ್ಲ.

ಅದು 1988ನೆಯ ಇಸವಿ. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ತರಗತಿ ಶಿಕ್ಷಕ. ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಶಿಸ್ತೆಂದರೆ ನಾನು, ನಾನೆಂದರೆ ಶಿಸ್ತು ಎಂಬ ಭ್ರಮೆಯ ಕಾಲ. ಒಂದು ದಿನ ಮೂವರು ಹುಡುಗರು ಮೊದಲನೆಯ ಪಿರಿಯಡ್ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತರು. ಒಬ್ಬನ ಬಿಳಿ ಅಂಗಿಗೆ ಕಲೆಯಾಗಿತ್ತು. ಏನೋ ಹೇಳಲು ಬಾಯಿ ತೆರೆದ. ನಾನು ಕೇಳಿಸಿಕೊಳ್ಳಲಿಲ್ಲ. ತಲಾ ಎರಡು ಬೆತ್ತದೇಟು ಕೊಟ್ಟು, ಮಧ್ಯಾಹ್ನದ ಗಂಟೆಯವರೆಗೆ ಹೊರಗೆ ಬಿಸಿಲಲ್ಲಿ ನಿಲ್ಲಿಸಿದೆ.

ಒಂದು ವಾರದ ಅನಂತರ ಹಣೆಗೆ ಪಟ್ಟಿ ಕಟ್ಟಿದ್ದ ಮುದುಕಿಯೊಬ್ಬಳು ಶಾಲೆಗೆ ಬಂದಳು. ಸೆರಗಿನ ತುಂಬ ಹಸಿ ಕಡಲೆಕಾಯಿ. ಸೌದೆ ಹೊರೆ ಹೊತ್ತು ಬರುವಾಗ ಕೆರೆ ಏರಿಯ ಮೇಲೆ ಬಿದ್ದು ತಲೆ ಒಡೆದುಕೊಂಡಿದ್ದ ಅವಳನ್ನು, ಹೆಸರೂ ಊರೂ ಗೊತ್ತಿಲ್ಲದ ಮೂವರು ಹುಡುಗರು ಸೈಕಲ್ಲಿನ ಮೇಲೆ ಕೂರಿಸಿ, ಒಬ್ಬ ತಳ್ಳಿ, ಇಬ್ಬರು ಎರಡೂ ಕಡೆ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರಂತೆ. “ಆ ಮಕ್ಕಳು ಯಾರು ಸ್ವಾಮಿ?” ಎಂದು ಅವಳು ಕೇಳಿದಳು. ನಾನು ಹುಡುಗರನ್ನು ಕರೆಸಿದೆ. ಕಡಲೆಕಾಯಿಯನ್ನು ತರಗತಿಗೆಲ್ಲ ಹಂಚಿಸಿದೆ. ಆದರೆ ಆ ಮೂವರ ಬಳಿ ತಪ್ಪಾಯಿತೆಂದು ಹೇಳಲಿಲ್ಲ. ಮೇಷ್ಟ್ರು ಹುಡುಗರ ಕ್ಷಮೆ ಕೇಳುವುದೆಂದರೇನು!

ಮತ್ತೆಂದೂ ಆ ಮೂವರು ತಡವಾಗಿ ಬರಲಿಲ್ಲ. ಸುಧಾರಿಸಿದರೆಂದು ನಾನು ಸಂತೋಷಪಟ್ಟೆ. ಅವರು ನಿಜವಾಗಿ ಕಲಿತದ್ದೇನೆಂದು ಯೋಚಿಸಲು ನನಗೆ ಬಹಳ ವರ್ಷಗಳೇ ಬೇಕಾದವು. ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನೋಡದೆ ನಡೆ, ಗಂಟೆಯ ಹೊತ್ತಿಗೆ ಶಾಲೆ ಸೇರು. ಇದು ಪಠ್ಯಪುಸ್ತಕದಲ್ಲಿಲ್ಲದ ಪಾಠ. ಬೆತ್ತದಿಂದ ಕಲಿಸಿದವನು ನಾನು.

ನನ್ನ ವಾದವಿಷ್ಟೇ. ಕರುಣೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆಂಬುದು ದೊಡ್ಡ ಅಹಂಕಾರ. ಅದು ಅವರಲ್ಲಿ ಮೊದಲೇ ಇರುತ್ತದೆ. ನಾವು ಮಾಡುವ ಕೆಲಸವೆಂದರೆ ಅದನ್ನು ಮರೆಸುವುದು. ಮರೆಸಿದ ಮೇಲೆ ಮೌಲ್ಯ ಶಿಕ್ಷಣವೆಂಬ ಪಿರಿಯಡ್ ಇಟ್ಟು, ಚಿತ್ರಪಟ ಅಂಟಿಸಿ, ಕಳೆದದ್ದನ್ನು ಹುಡುಕುವ ನಾಟಕವಾಡುವುದು.

ಇದು ಮುದುಕನೊಬ್ಬನ ಭಾವುಕತೆಯೆಂದು ತಳ್ಳಿಹಾಕಬೇಡಿ. ಜರ್ಮನಿಯ ಲೈಪ್ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೇಲ್ ಟೊಮಾಸೆಲ್ಲೊ ಎಂಬ ವಿದ್ವಾಂಸರು 2006ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದ್ದವು ಹದಿನೆಂಟು ತಿಂಗಳ 24 ಕೂಸುಗಳು. ಅಪರಿಚಿತನೊಬ್ಬ ಬಟ್ಟೆ ಒಣಹಾಕುವಾಗ ಕ್ಲಿಪ್ ಕೆಳಗೆ ಬಿದ್ದು, ಕೈಗೆಟುಕದೆ ಒದ್ದಾಡುತ್ತಾನೆ; ಎರಡೂ ಕೈ ತುಂಬ ಪುಸ್ತಕ ಹಿಡಿದು ಬೀರುವಿನ ಬಾಗಿಲು ತೆರೆಯಲಾಗದೆ ತಡವರಿಸುತ್ತಾನೆ. ಯಾರೂ ಹೇಳದೆ, ಯಾವ ಆಮಿಷವೂ ಇಲ್ಲದೆ, 24ರಲ್ಲಿ 22 ಕೂಸುಗಳು ಒಮ್ಮೆಯಾದರೂ ಎದ್ದುಹೋಗಿ ನೆರವಾದವು. ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸು! ಅದೇ ವಿದ್ವಾಂಸರು 2008ರಲ್ಲಿ ಇನ್ನೊಂದನ್ನು ಕಂಡುಕೊಂಡರು. ನೆರವಾದಾಗಲೆಲ್ಲ ಬಹುಮಾನ ಪಡೆದ ಮಕ್ಕಳು, ಬಹುಮಾನವನ್ನು ನಿಲ್ಲಿಸಿದೊಡನೆ, ಏನನ್ನೂ ಪಡೆಯದಿದ್ದ ಮಕ್ಕಳಿಗಿಂತ ಕಡಿಮೆ ನೆರವಾದವು. ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸುವ ಇಂದಿನ ಶಾಲೆಗಳು ಇದನ್ನು ಮನನ ಮಾಡಬೇಕು.

ಹಾಗಾದರೆ ದೊಡ್ಡವರಾದ ಮೇಲೆ ಈ ಗುಣ ಎಲ್ಲಿಗೆ ಹೋಗುತ್ತದೆ? 1973ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಇದಕ್ಕೆ ಉತ್ತರದ ಒಂದು ತುಣುಕನ್ನು ಕೊಡುತ್ತದೆ. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಬೇಕೆಂದು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬಿಬ್ಬರು ಕಳಿಸಿದರು. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಬೈಬಲ್ ಕಥೆಯೇ ಆಗಿತ್ತು. ದಾರಿಯಲ್ಲಿ ಒಬ್ಬ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಸಮಯ ಬೇಕಾದಷ್ಟಿದೆಯೆಂದು ನಂಬಿದ್ದವರಲ್ಲಿ ಶೇ. 63 ಜನ ನೆರವಿಗೆ ಬಂದರು. ಈಗಾಗಲೇ ತಡವಾಗಿದೆಯೆಂದು ಅವಸರಪಡಿಸಲ್ಪಟ್ಟವರಲ್ಲಿ ಬಂದವರು ಶೇ. 10 ಮಾತ್ರ. ಧರ್ಮಗ್ರಂಥ ಓದಿದವರ ಕರುಣೆಯನ್ನೂ ಒಂದು ಗಡಿಯಾರ ನುಂಗಿಹಾಕಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಕಬ್ಬಿಣದ ಗಂಟೆ.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. ಅವೆಲ್ಲ ನನಗೆ ಗೊತ್ತು. ಹಿಂದೆ ನಾನೇ ಆಡಿದ ಮಾತುಗಳಲ್ಲವೇ?

ಮೊದಲನೆಯದು, “ಕಾಲ ಕೆಟ್ಟಿದೆ, ಮಕ್ಕಳನ್ನು ಎತ್ತಿಕೊಂಡು ಹೋಗುವವರಿದ್ದಾರೆ” ಎಂಬುದು. ಈ ಭಯ ನಿರಾಧಾರವೆಂದು ನಾನು ಹೇಳುವುದಿಲ್ಲ. ಆದರೆ ಅಪರಿಚಿತರೆಲ್ಲ ಕಳ್ಳರೆಂಬ ಭಯವನ್ನೇ ಬೆಳೆಸುತ್ತ ಹೋದರೆ ಎಲ್ಲಿಗೆ ಮುಟ್ಟುತ್ತೇವೆಂಬುದನ್ನೂ ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಏನಾಯಿತು? ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬುದನ್ನೇ ನೆಪ ಮಾಡಿಕೊಂಡು, ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿಸಿ, ಗುಂಪು ಸೇರಿ ಹೊಡೆದರು. ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬ ಸತ್ತ. ಭಯವೂ ಒಂದು ಶಿಕ್ಷಣವೇ. ಅದರಲ್ಲಿ ನಾವು ಹೆಚ್ಚು ಅಂಕ ಪಡೆದು ತೇರ್ಗಡೆಯಾಗಿದ್ದೇವೆ.

ಎಚ್ಚರಿಕೆ ಬೇರೆ, ಭಯ ಬೇರೆ. ಎಚ್ಚರಿಕೆಯನ್ನು ಕಲಿಸಬಹುದು, ಕಲಿಸಲೇಬೇಕು. ಒಬ್ಬಳೇ ಹೋಗಬೇಡ, ಜೊತೆಗೆ ಇಬ್ಬರನ್ನು ಕರೆದುಕೋ. ಯಾರ ವಾಹನವನ್ನೂ ಹತ್ತಬೇಡ. ಹತ್ತಿರದ ಅಂಗಡಿಯವರನ್ನು, ಆಯಾ ಅಮ್ಮನನ್ನು, ಮಿಸ್ಸನ್ನು ಕೂಗಿ ಕರೆ. ಅಪಘಾತವಾಗಿದ್ದರೆ 108ಕ್ಕೆ ಫೋನ್ ಮಾಡಿಸು. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಹೇಳಿಸು. ನೀರಿಗೆ ಬಿದ್ದವರನ್ನು ಕಂಡು ನೀನೂ ಹಾರಬೇಡ. ಕೂಗು, ಹಗ್ಗವನ್ನೋ ಸೀರೆಯನ್ನೋ ಎಸೆ, ಉದ್ದನೆಯ ಕೋಲು ಚಾಚು. ಇವು ಅರ್ಧ ಗಂಟೆಯ ಪಾಠ. ಇದನ್ನು ಕಲಿಸುವ ಶ್ರಮ ಬೇಡವೆಂದು ನಾವು “ನಿನಗ್ಯಾಕೆ ಊರ ಉಸಾಬರಿ?” ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ.

ಎರಡನೆಯದು, “ಪೊಲೀಸು, ಕೋರ್ಟು ಎಂದು ಅಲೆಯುವವರು ಯಾರು?” ಎಂಬುದು. ಈ ನೆಪಕ್ಕೂ ಈಗ ಜಾಗವಿಲ್ಲ. ಅಪಘಾತದಲ್ಲಿ ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಮುದ್ರೆಯೊತ್ತಿತು. ಅದೇ ರಕ್ಷಣೆಯನ್ನು 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನಲ್ಲಿಯೇ ಸೇರಿಸಲಾಯಿತು. ನಮ್ಮ ಕರ್ನಾಟಕವಂತೂ ಇದಕ್ಕಾಗಿ ತನ್ನದೇ ಕಾಯ್ದೆಯನ್ನು ಮಾಡಿಕೊಂಡಿದೆ. ಕಾನೂನು ಬದಲಾಯಿತು, ಮನೆಯಲ್ಲಿ ನಾವು ಹೇಳುವ ಬುದ್ಧಿ ಬದಲಾಗಲಿಲ್ಲ.

ಮೂರನೆಯದು, “ಬೇಡುವವರಲ್ಲಿ ಮೋಸಗಾರರೇ ಹೆಚ್ಚು” ಎಂಬುದು. ಇರಬಹುದು. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಶೇ. 3ರ ಉಪಕರವನ್ನು ಕಟ್ಟುತ್ತೇವೆ. ರಸೀತಿಯನ್ನು ಮಡಿಸಿಟ್ಟುಕೊಂಡು ನಮ್ಮ ಋಣ ತೀರಿತೆಂದುಕೊಳ್ಳುತ್ತೇವೆ. ಮಗುವಿನ ಬಳಿ ಆ ರಸೀತಿಯಿಲ್ಲ. ಅದಕ್ಕೆ ಎದುರಿಗಿರುವ ಮುಖವಷ್ಟೇ ಕಾಣುತ್ತದೆ. ನೂರರಲ್ಲಿ ಹತ್ತು ಸಲ ಮೋಸಹೋದ ಮಗು ಕಳೆದುಕೊಳ್ಳುವುದು ಒಂದಿಷ್ಟು ಚಿಲ್ಲರೆ. ನೂರು ಸಲವೂ ಮುಖ ತಿರುಗಿಸಿ ನಡೆಯಲು ಕಲಿತ ಮಗು ಕಳೆದುಕೊಳ್ಳುವುದನ್ನು ಲೆಕ್ಕ ಹಾಕುವ ಗಣಿತವನ್ನು ನಾನು ಓದಿಲ್ಲ.

ಇನ್ನು ನಮ್ಮ ಇಬ್ಬಂದಿತನವನ್ನು ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಹರಿದಾಗ, ರಾಯಚೂರು ಜಿಲ್ಲೆಯ ಹಿರೇರಾಯನಕುಂಪಿಯಲ್ಲಿ ಬಾಲಕನೊಬ್ಬ, ನೀರಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಆಂಬುಲೆನ್ಸಿನ ಮುಂದೆ ಮುಂದೆ ಓಡಿ ದಾರಿ ತೋರಿಸಿದ. ಒಳಗಿದ್ದವರು ಯಾರೆಂದು ವಿಚಾರಿಸುತ್ತ ನಿಲ್ಲಲಿಲ್ಲ. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಅವನಿಗೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿ ಬಂತು. ನಾವೂ ಮನೆಮನೆಗಳಲ್ಲಿ ಮೊಬೈಲ್ ಹಿಡಿದು, ನೋಡು, ಕಲಿ ಎಂದು ಮಕ್ಕಳಿಗೆ ತೋರಿಸಿದೆವು. ಅಷ್ಟು ಅಪಾಯದ ಕೆಲಸಕ್ಕೆ ನನ್ನ ಮೊಮ್ಮಗನಾಗಿದ್ದರೆ ನಾನು ಖಂಡಿತ ಬಿಡುತ್ತಿರಲಿಲ್ಲ, ಸುಳ್ಳು ಹೇಳಲಾರೆ. ಆದರೆ ನಾನು ಕೇಳುತ್ತಿರುವುದು ಪ್ರವಾಹಕ್ಕಿಳಿಯುವ ಧೈರ್ಯವನ್ನಲ್ಲ. ಒಂದು ಬಾಟಲಿ ನೀರು, ಡಬ್ಬಿಯಲ್ಲಿನ ಅರ್ಧ ಚಪಾತಿ, ಒಂದು ರೈನ್‌ಕೋಟು. ಟಿ.ವಿ.ಯಲ್ಲಿ ಕಂಡರೆ ಕಣ್ಣೀರು ಸುರಿಸುತ್ತೇವೆ, ನಮ್ಮ ಮನೆಯ ಮಗು ಮಾಡಿದರೆ ಡೈರಿಯಲ್ಲಿ ಕೆಂಪು ಶಾಯಿ. ಇದು ಯಾವ ನ್ಯಾಯ?

ಆ ಸಂಜೆಗೆ ಹಿಂದಿರುಗುತ್ತೇನೆ. ಸುಧಾರಿಸಿಕೊಂಡು ಮಗುವಿಗೆ ಹೇಳಿದೆ: “ನೀನು ಮಾಡಿದ್ದು ತಪ್ಪಲ್ಲ ಪುಟ್ಟಿ. ಇನ್ನೊಂದು ಸಲ ಮಿಸ್‌ಗೆ ಹೇಳಿ ಮಾಡು. ಒದ್ದೆ ಬಟ್ಟೆಯಲ್ಲಿ ಕೂತಿರಬೇಡ.” ಮರುದಿನ ಅವಳನ್ನು ಅಂಗಡಿಗೆ ಕರೆದೊಯ್ದು ಹೊಸ ರೈನ್‌ಕೋಟ್ ಕೊಡಿಸಿದೆ. ದಾರಿಯಲ್ಲಿ ಅವಳು ಕೇಳಿದಳು, “ತಾತ, ಇದನ್ನೂ ಕೊಡಬಹುದಾ?” ಇಷ್ಟೆಲ್ಲ ವಾದಿಸುವ ನನ್ನ ಬಾಯಿಂದ ಹೌದೆಂಬ ಮಾತು ಥಟ್ಟನೆ ಬರಲಿಲ್ಲ. ಬೆಲೆಯ ಚೀಟಿ ನೆನಪಾಯಿತು. ಅರ್ಧ ರಸ್ತೆ ನಡೆದ ಮೇಲೆ, “ಬೇಕಾದವರು ಕಂಡರೆ ಕೊಡು” ಎಂದೆ. ಆ ಅರ್ಧ ರಸ್ತೆಯ ಮೌನದಷ್ಟೇ ದೂರದಲ್ಲಿ ನಾವೆಲ್ಲ ಮಕ್ಕಳಿಂದ ಹಿಂದುಳಿದಿದ್ದೇವೆ.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು. ಕೆಲವರು ನನ್ನಂತೆಯೇ ಶಿಕ್ಷಕರು. ನನ್ನ ಕೋರಿಕೆ ಒಂದೇ. ಮಗು ತಡವಾಗಿ ಬಂದರೆ, ಕೊಡೆ ಕಳೆದುಕೊಂಡು ಬಂದರೆ, ಡಬ್ಬಿ ಖಾಲಿಯಿದ್ದೂ ಹಸಿದು ಬಂದರೆ, ಬುದ್ಧಿ ಹೇಳುವ ಮೊದಲು “ಏನಾಯಿತು?” ಎಂದು ಕೇಳಿ. ಕೇಳಿದ ಮೇಲೆ ಉತ್ತರ ಪೂರ್ತಿಯಾಗುವವರೆಗೆ ಸುಮ್ಮನಿರಿ. ನಾನು 1988ರಲ್ಲಿ ಮಾಡಬೇಕಾಗಿದ್ದದ್ದು ಅಷ್ಟೇ.

ಆ ಮೂವರಲ್ಲಿ ಒಬ್ಬ ನನ್ನ ಬರಹಗಳನ್ನು ತಪ್ಪದೆ ಓದುತ್ತಾನೆ. ಹಬ್ಬಗಳಿಗೆ ಫೋನ್ ಮಾಡಿ ಕ್ಷೇಮ ವಿಚಾರಿಸುತ್ತಾನೆ. ಆ ಬೆತ್ತದ ಮಾತನ್ನು ಅವನೆಂದೂ ಎತ್ತಿಲ್ಲ. ಅಯ್ಯಾ, ಅಂದು ತಪ್ಪು ಮಾಡಿದವನು ನೀನಲ್ಲ, ನಾನು. ಇಷ್ಟು ವರ್ಷ ತಡವಾಗಿ ಬಾಗಿಲಲ್ಲಿ ಬಂದು ನಿಂತಿದ್ದೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಇಂತು ನಿಮ್ಮ ಮೇಷ್ಟ್ರು