ತಾರೀಖು ಕೇಳಬೇಡಿ, ಗೋಡೆ ನೋಡಿ

ಕಳೆದ ವಾರ ಕಲಬುರ್ಗಿಯಿಂದ ನಮ್ಮ ಕಾಕು ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿ ಫೋನೂ ಮಾಡಿದ್ರು. "ಕ್ಯಾಲಿಫೋರ್ನಿಯಾದಾಗ ಈ ತಿಂಗಳು ದೊಡ್ಡ ಭೂಕಂಪ ಆಗ್ತದಂತ, ಹುಡುಗರನ್ನ ಕರ್ಕೊಂಡು ಬಂದುಬಿಡಪಾ" ಅಂತ. ನನಗೆ ನಗು ಬರಲಿಲ್ಲ. 1993ರಲ್ಲಿ ಕಿಲ್ಲಾರಿ ನಡುಗಿದ ರಾತ್ರಿ ಅವರೂ ಅಂಗಳಕ್ಕೆ ಓಡಿ ಬಂದವರೇ.

ಆದರೆ ತಾರೀಖು ಹೇಳೋರನ್ನ ನಂಬಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಾರಣ, ನಮ್ಮದೇ ರಾಜ್ಯದ ಪಾರ್ಕ್‌ಫೀಲ್ಡ್. ಸ್ಯಾನ್ ಆಂಡ್ರಿಯಾಸ್ ಬಿರುಕಿನ ಮೇಲಿರೋ ಈ ಪುಟ್ಟ ಊರಲ್ಲಿ 1857ರಿಂದ 1966ರವರೆಗೆ ಆರು ಸಲ, ಸರಾಸರಿ 22 ವರ್ಷಕ್ಕೊಮ್ಮೆ ಭೂಕಂಪ ಆಗಿತ್ತು. ಹಾಗಾಗಿ ಮುಂದಿನದು 1993ರೊಳಗೆ ಬರುತ್ತೆ ಅಂತ ಅಮೆರಿಕದ ಭೂವಿಜ್ಞಾನಿಗಳು ಲೆಕ್ಕ ಹಾಕಿ, ಊರ ತುಂಬ ಉಪಕರಣ ಹೂಡಿ ಕಾದರು. ಅದು ಬಂದಿದ್ದು 2004ರ ಸೆಪ್ಟೆಂಬರ್ 28ಕ್ಕೆ! ಅದಕ್ಕೂ ಮೊದಲು ಸ್ಪಷ್ಟವಾದ ಮುನ್ಸೂಚನೆ ಒಂದೂ ಸಿಗಲಿಲ್ಲ. ಅಷ್ಟು ಕಾದವರಿಗೇ ಸಿಗದ ತಾರೀಖು ವಾಟ್ಸಾಪಿನವರಿಗೆ ಎಲ್ಲಿಂದ ಸಿಕ್ಕೀತು?

ಹಾಗಾದ್ರೆ ವಿಜ್ಞಾನ ಕೈಚೆಲ್ಲಿತಾ? ಇಲ್ಲ. ಅದು ಈಗ ಸಂಭವನೀಯತೆ ಹೇಳುತ್ತೆ: 2014ರಿಂದ 2043ರೊಳಗೆ ಬೇ ಏರಿಯಾದಲ್ಲಿ 6.7 ಅಥವಾ ಹೆಚ್ಚಿನ ತೀವ್ರತೆಯ ಒಂದಾದರೂ ಭೂಕಂಪ ಆಗುವ ಸಾಧ್ಯತೆ ಶೇ. 72. ಜೊತೆಗೆ ಶೇಕ್‌ಅಲರ್ಟ್ ಇದೆ. ಕಂಪನ ಶುರುವಾದ ಮೇಲೆ ವೇಗದ ಪಿ ಅಲೆಯನ್ನು ಹಿಡಿದು, ಹೆಚ್ಚು ಹಾನಿ ಮಾಡೋ ಎಸ್ ಅಲೆ ಮುಟ್ಟೋ ಮುಂಚೆ ಫೋನಿಗೆ ಎಚ್ಚರಿಕೆ ಕೊಡುತ್ತೆ. ಸಿಗೋದು ಕೆಲವೇ ಸೆಕೆಂಡು. ತೀರಾ ಹತ್ತಿರ ಇದ್ದವರಿಗೆ ಅದೂ ಇಲ್ಲ.

ಈ ಎರಡು ಲೆಕ್ಕ ನೋಡಿ. 1989ರಲ್ಲಿ ಇಲ್ಲಿಯ ಲೋಮಾ ಪ್ರಿಯೆಟಾ ಭೂಕಂಪದ ತೀವ್ರತೆ 6.9, ಸತ್ತವರು 63 ಜನ. ಕಿಲ್ಲಾರಿಯದ್ದು ಸುಮಾರು 6.2, ಸತ್ತವರು ಹತ್ತಿರ ಹತ್ತು ಸಾವಿರ. ಅಲ್ಲಿ ಮಲಗಿದ್ದವರ ಮೇಲೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಭಾರದ ಮಾಳಿಗೆ ಬಿದ್ದಿತ್ತು. ಎರಡು ಕಡೆಯೂ ದಿನ ಗೊತ್ತಿರಲಿಲ್ಲ. ಜೀವ ಉಳಿಸಿದ್ದು, ತೆಗೆದದ್ದು ಬಹುಪಾಲು ಕಟ್ಟಡವೇ.

ಕಾಕುಗೆ ಇಷ್ಟೇ ಹೇಳಿದೆ: "ಬರೋದಿಲ್ಲ ಕಾಕು, ಆದ್ರೆ ಪುಸ್ತಕದ ಕಪಾಟನ್ನ ಗೋಡೆಗೆ ಬಿಗಿತೀನಿ." ಎರಡು ವರ್ಷದಿಂದ ಮುಂದೂಡಿದ್ದ ಕೆಲಸ ಅದು. ಶನಿವಾರ ಕಪಾಟು, ವಾಟರ್ ಹೀಟರ್ ಎರಡೂ ಆಯ್ತು. ನಿಮ್ಮ ಮನೇಲಿ?