ಅರಸರ ಎಲ್ಲೆಯೋ, ಜನರ ನುಡಿಯೋ?

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿ ತೆರಕಣಾಂಬಿಯೆಂಬ ಊರೊಂದುಂಟು. ಇಂದು ಅದು ಒಂದು ಹೋಬಳಿಯ ಕೇಂದ್ರವೆಂಬುದಷ್ಟೇ ಬಹುಮಂದಿಗೆ ಗೊತ್ತು. ಆದರೆ ಹದಿನಾಲ್ಕನೆಯ ಶತಮಾನದ ಆದಿಭಾಗದಲ್ಲಿ, ಹೊಯ್ಸಳ ಮೂರನೆಯ ಬಲ್ಲಾಳನ ಅಧಿಕಾರಿಯಾದ ಮಾಧವ ದಣ್ಣಾಯಕನು ಇದೇ ಊರಿನಲ್ಲಿ ನೆಲಸಿ ಪದಿನಾಲ್ಕುನಾಡನ್ನು ಆಳುತ್ತಿದ್ದನು. ನೀಲಗಿರಿಯನ್ನು ಸಾಧಿಸಿದವನೆಂಬ ಅರ್ಥದ ಬಿರುದು ಅವನಿಗಿತ್ತು. ಇಲ್ಲಿಗೆ ಸಮೀಪದ ಹಿಮವದ್ಗೋಪಾಲಸ್ವಾಮಿಯ ಬೆಟ್ಟದ ದೇವಾಲಯವು ಅವನ ವಂಶದವರ ಕಾಲದ್ದು. ಬೆಟ್ಟಗಳಾಚೆಯ ದಣ್ಣಾಯಕನ ಕೋಟೆಗೆ ಹೆಸರು ಬಂದುದೂ ಆ ಮನೆತನದಿಂದಲೇ. ಆ ಕೋಟೆಯ ನೆಲವು ಈಗ ತಮಿಳುನಾಡಿನ ಭವಾನಿಸಾಗರದ ನೀರಿನಲ್ಲಿ ಮುಳುಗಿಹೋಗಿದೆ.

ಇಂಥ ಸಂಗತಿಗಳನ್ನು ಓದಿದಾಗ ನಮ್ಮ ಅಭಿಮಾನಿಗಳ ಎದೆಯುಬ್ಬುವುದು ಸಹಜವೇ. ಒಡನೆಯೇ ಕೆಲವರು ಎದ್ದುನಿಂತು, “ನೋಡಿದಿರಾ, ನೀಲಗಿರಿಯೂ ನಮ್ಮದೇ ಆಗಿತ್ತು!” ಎನ್ನುತ್ತಾರೆ. ಈ ವಾದದ ವಿಷಯದಲ್ಲಿಯೇ ನಾವು ಇಂದು ನಮ್ಮ ವಾಚಕರೊಡನೆ, ಅದರಲ್ಲಿಯೂ ಮಕ್ಕಳಿಗೆ ಚರಿತ್ರೆಯನ್ನು ಕಲಿಸುವ ಉಪಾಧ್ಯಾಯ ಮಹಾಶಯರೊಡನೆ, ಎರಡು ಮಾತನ್ನು ಬಿಚ್ಚಿ ಆಡಬೇಕೆಂದಿದ್ದೇವೆ. ಅರಸನ ಕತ್ತಿಯು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ನಾಡೆಂದು ಹೇಳುವುದು ಕನ್ನಡಕ್ಕೆ ಬಲವಲ್ಲ, ಹಾನಿಯೇ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಏಕೆಂದು ಕೇಳಿದರೆ, ತೆರಕಣಾಂಬಿಯ ಸೀಮೆಯೇ ಉತ್ತರವನ್ನು ಹೇಳುತ್ತದೆ. ಈ ನೆಲವನ್ನು ಮೊದಲು ಆಳಿದವರು ತಲಕಾಡಿನ ಗಂಗರು. ಅವರ ನಾಡು ಗಂಗವಾಡಿ ತೊಂಬತ್ತಾರು ಸಾವಿರವೆಂದು ಪ್ರಸಿದ್ಧವಾಗಿತ್ತು. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದು ಅದನ್ನು ರಾಜರಾಜಪುರವೆಂದು ಕರೆದರು. ಗಂಗವಾಡಿಗೆ ಮುಡಿಗೊಂಡಚೋಳಮಂಡಲವೆಂಬ ಹೆಸರಿಟ್ಟರು. ಆ ಕಾಲದ ತಮಿಳು ಶಾಸನಗಳು ಈ ಭಾಗದಲ್ಲಿ ಈಗಲೂ ಇವೆ. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದು ‘ತಲಕಾಡುಗೊಂಡ’ನಾದನು. ಅವನ ದಂಡನಾಯಕನಾದ ಪುಣಿಸನು ತೋದರನ್ನು ಬೆದರಿಸಿ, ಕೊಂಗರನ್ನು ಸೋಲಿಸಿ, ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ ಬಸದಿಯ 1117ರ ಶಾಸನವು ಸಾರುತ್ತದೆ. ಹೊಯ್ಸಳರ ತರುವಾಯ ವಿಜಯನಗರದವರು ಬಂದರು. ಅವರಿಗೆ ತಲೆಬಾಗದೆ ನಿಂತ ಉಮ್ಮತ್ತೂರಿನ ಪಾಳೆಯಗಾರರನ್ನು ಕೃಷ್ಣದೇವರಾಯನು ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲಿಯೇ ಮುರಿದನು. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯು ಮೈಸೂರಿನ ಒಡೆಯರ ಕೈಸೇರಿತು.

ಈಗ ವಿಚಾರಿಸಿರಿ. ಗೆದ್ದವನದೇ ನಾಡೆಂಬುದು ನ್ಯಾಯವಾದರೆ, ಪುಣಿಸನ ಶಾಸನವನ್ನು ತೋರಿಸಿ ನಾವು ನೀಲಗಿರಿಯನ್ನು ಬೇಡಬಹುದು. ಆದರೆ ನೆರೆಯವರು ರಾಜರಾಜನ ಹೆಸರನ್ನು ತೋರಿಸಿ ತಲಕಾಡನ್ನು ಬೇಡಿದರೆ ನಮ್ಮ ಉತ್ತರವೇನು? ಬಾದಾಮಿಯ ಪುಲಕೇಶಿಯು ನರ್ಮದೆಯ ತೀರದಲ್ಲಿ ಹರ್ಷನನ್ನು ತಡೆದುದರಿಂದ ನರ್ಮದೆಯು ಕನ್ನಡದ ಹೊಳೆಯಾಗಲಿಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನು 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳರನ್ನು ಸೋಲಿಸಿದುದರಿಂದ ತೊಂಡೆನಾಡು ಕನ್ನಡನಾಡಾಗಲಿಲ್ಲ. ಹಾಗೆಯೇ ಚೋಳರು ನೂರು ವರ್ಷಕ್ಕೂ ಮಿಕ್ಕು ಆಳಿದರೂ ತೆರಕಣಾಂಬಿಯ ಒಕ್ಕಲಿಗನ ಮನೆಯ ಮಾತು ಬದಲಾಗಲಿಲ್ಲ. ಅರಸರು ಬಂದರು, ಹೋದರು, ನುಡಿ ನಿಂತಿತು. ನಮ್ಮ ಹಕ್ಕಿನ ಬುಡವಿರುವುದು ಇಲ್ಲಿ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂಬ ಕವಿರಾಜಮಾರ್ಗದ ಹೇಳಿಕೆಯನ್ನು ನಾವು ಪ್ರತಿಯೊಂದು ಸಭೆಯಲ್ಲಿಯೂ ನೆನೆಯುತ್ತೇವೆ. ಒಂಬತ್ತನೆಯ ಶತಮಾನದ ಆ ಗ್ರಂಥವು ನಮಗೆ ಪೂಜ್ಯವೇ ಸರಿ. ಆದರೆ ತೆರಕಣಾಂಬಿಯಿರುವುದು ಕಾವೇರಿಗೆ ತೆಂಕಲು, ಕಪಿಲೆಗೂ ತೆಂಕಲು. ಆ ಮಾತನ್ನೇ ಗಡಿಕಲ್ಲೆಂದು ಹಿಡಿದರೆ ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲಗಳೆಲ್ಲವನ್ನೂ ನಾವೇ ಹೊರಗಿಟ್ಟಂತಾಯಿತು! ಹಳೆಯ ಗ್ರಂಥವನ್ನೂ ಹಳೆಯ ಬಿರುದನ್ನೂ ಭೂಪಟವೆಂದು ಓದಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಜನರ ನುಡಿಯು ಅರಸರ ಎಲ್ಲೆಯನ್ನು ಹೇಗೆ ಮೀರಿ ಉಳಿಯುತ್ತದೆಂಬುದಕ್ಕೆ ಕೊಳ್ಳೇಗಾಲವೇ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ತೆರಕಣಾಂಬಿಯು ಮೈಸೂರಿನಲ್ಲಿ ಉಳಿಯಿತು. ಕೊಳ್ಳೇಗಾಲವು ಇಂಗ್ಲಿಷ್ ಕಂಪೆನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅಣ್ಣತಮ್ಮಂದಿರ ಹೊಲದ ನಡುವೆ ಪರಕೀಯನು ಬದು ಹಾಕಿದಂತಾಯಿತು. ಜಿಲ್ಲೆಯ ಕಚೇರಿಯು ದೂರದ ತಮಿಳು ಸೀಮೆಯಲ್ಲಿತ್ತು, ದೊರೆತನವು ಮದರಾಸಿನಲ್ಲಿತ್ತು. ಆದರೂ 157 ವರ್ಷಗಳ ಪರ್ಯಂತ ಮಲೆಯ ಮಾದೇಶ್ವರನ ಗುಡ್ಡರು ಕಂಸಾಳೆಯನ್ನು ಹಿಡಿದು ಕನ್ನಡದಲ್ಲಿಯೇ ಹಾಡಿದರು. ಮಂಟೇಸ್ವಾಮಿಯ ನೀಲಗಾರರು ಕನ್ನಡದಲ್ಲಿಯೇ ಕಥೆಯನ್ನು ನಡೆಸಿದರು. 1956ನೆಯ ನವೆಂಬರ್ 1ರಂದು ಕೊಳ್ಳೇಗಾಲವು ಮರಳಿ ನಮ್ಮೊಡನೆ ಕೂಡಿದಾಗ ಅದನ್ನು ತಂದುಕೊಟ್ಟುದು ಹೊಯ್ಸಳರ ದಂಡಲ್ಲ; ಈ ಹಾಡುಗಾರರೂ ಅವರ ಹಾಡನ್ನು ಕೇಳಿ ತಲೆದೂಗಿದ ಹಳ್ಳಿಯ ಜನರೂ ಉಳಿಸಿಕೊಂಡ ಮಾತು. 1997ರಿಂದ ತೆರಕಣಾಂಬಿಯೂ ಕೊಳ್ಳೇಗಾಲವೂ ಒಂದೇ ಚಾಮರಾಜನಗರ ಜಿಲ್ಲೆಯಲ್ಲಿವೆ.

ರಾಜವಂಶದ ಮೇಲಿನ ಮೋಹವು ಹೊರಗಿನವರೊಡನೆ ಜಗಳವನ್ನು ತರುವುದಷ್ಟೇ ಅಲ್ಲ, ಒಳಗಿನವರನ್ನೂ ಒಡೆಯುತ್ತದೆ. ಏಕೀಕರಣಕ್ಕೆ ಮೊದಲು ಹಳೆಯ ಮೈಸೂರಿನ ಕೆಲವರು, ತಮ್ಮದು ಒಡೆಯರ ಸೀಮೆ, ಉತ್ತರದವರದು ಬೇರೆ ಎಂದು ಹಿಂಜರಿದುದನ್ನು ನಾವು ಮರೆತಿಲ್ಲ. ಅರಸನ ಹೆಸರಿನಲ್ಲಿ ನಾಡನ್ನು ಎಣಿಸುವವನಿಗೆ ಧಾರವಾಡವು ಪರದೇಶವಾಗಿಯೂ, ನುಡಿಯ ಹೆಸರಿನಲ್ಲಿ ಎಣಿಸುವವನಿಗೆ ಅದು ತವರಾಗಿಯೂ ತೋರುವುದು.

ಹಾಗಾದರೆ ಪೂರ್ವಜರ ವೈಭವವನ್ನು ಮರೆಯಬೇಕೆ? ಖಂಡಿತವಾಗಿ ಇಲ್ಲ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸದಿದ್ದರೆ, 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆಯದಿದ್ದರೆ, ಹಲವು ಸರಕಾರಗಳ ಕೆಳಗೆ ಹರಿದು ಹಂಚಿಹೋಗಿದ್ದ ಕನ್ನಡಿಗರು ತಾವು ಒಂದೇ ಮನೆಯವರೆಂಬುದನ್ನು ಇನ್ನೆಷ್ಟು ಕಾಲ ಮರೆತಿರುತ್ತಿದ್ದರೋ! ಮಲಗಿದವರನ್ನು ಎಬ್ಬಿಸಲು ಕಹಳೆಯು ಬೇಕಾಗಿತ್ತು. ಆದರೆ ಎದ್ದ ಮೇಲೆ ಕಹಳೆಯನ್ನೇ ಊದುತ್ತ ಕುಳಿತರೆ ಹೊಲವನ್ನು ಉಳುವವರಾರು?

ಉಳುವ ಕೆಲಸವಾದರೂ ಬೇಕಾದಷ್ಟಿದೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಶಾಸನಗಳನ್ನು ರೈಸ್ ಮಹಾಶಯರು 1898ರಲ್ಲಿಯೇ ಎಪಿಗ್ರಾಫಿಯ ಕರ್ನಾಟಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಪರಿಷ್ಕೃತ ಸಂಪುಟಗಳೂ 1974, 1975ರಲ್ಲಿ ಹೊರಬಂದುವು. ಅವುಗಳಲ್ಲಿ ಬಿರುದಾವಳಿಯ ಸಾಲುಗಳನ್ನು ದಾಟಿ ಮುಂದೆ ಓದಿರಿ. ಗೌಡನಾರು, ದಾನವಾದ ಗದ್ದೆಯಾವುದು, ಎಲ್ಲೆಯಾಗಿ ನಿಂತ ಹಳ್ಳವಾವುದು, ತುರುಗಳನ್ನು ಕಾಯುತ್ತ ಮಡಿದವನಾರು ಎಂಬ ವಿವರಗಳು ದೊರೆಯುತ್ತವೆ. ಆ ಮಾತುಗಳನ್ನು ಕಡೆಯಿಸಿದುದು ಊರವರಿಗೆ ತಿಳಿಯಲೆಂದು; ಆದುದರಿಂದಲೇ ಅವು ಊರವರ ನುಡಿಯಲ್ಲಿವೆ. ನಾಡಿನ ನಿಜವಾದ ದಸ್ತೈವಜು ಇದೇ.

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ರಾಜರ ಹೆಸರುಗಳನ್ನೂ ಯುದ್ಧದ ವರ್ಷಗಳನ್ನೂ ಬಾಯಿಪಾಠ ಮಾಡಿಸುವುದಕ್ಕೆ ಮುಂಚೆ, ಮಕ್ಕಳನ್ನು ನಿಮ್ಮೂರಿನ ಗುಡಿಯ ಮುಂದಣ ಶಾಸನದ ಬಳಿಗೆ ಕರೆದುಕೊಂಡು ಹೋಗಿರಿ. ಅದರ ಪಾಠವನ್ನು ಅಚ್ಚಾದ ಸಂಪುಟದಿಂದ ಬರೆದುಕೊಂಡು ಅವರಿಗೆ ಓದಿ ಹೇಳಿರಿ. ಅದಕ್ಕೆ ಸುಣ್ಣ ಬಳಿಯದಂತೆ, ಅದು ಬಟ್ಟೆ ಒಗೆಯುವ ಕಲ್ಲಾಗದಂತೆ ಊರವರಿಗೆ ತಿಳಿಯಹೇಳಿರಿ. ಚೋಳರ ತಮಿಳು ಕಲ್ಲು ಸಿಕ್ಕಿದರೆ ಅದನ್ನೂ ಅಷ್ಟೇ ಆದರದಿಂದ ಕಾಪಾಡಿರಿ. ಸತ್ಯಕ್ಕೆ ಹೆದರುವ ಅಭಿಮಾನವು ಅಭಿಮಾನವಲ್ಲ.

ಪ್ರಾಂತವು ಕೂಡಿತು, 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಚಾಮರಾಜನಗರದ ಮಗ್ಗುಲಿನ ತಾಳವಾಡಿಯ ಕನ್ನಡಿಗರು ಇಂದಿಗೂ ತಮಿಳುನಾಡಿನಲ್ಲಿದ್ದಾರೆ, ಕಾಸರಗೋಡಿನವರು ಕೇರಳದಲ್ಲಿದ್ದಾರೆ. ಅವರಿಗೆ ನಮ್ಮಿಂದ ಬೇಕಾದುದು ವಿಷ್ಣುವರ್ಧನನ ಬಿರುದಲ್ಲ; ಕನ್ನಡದ ಶಾಲೆ, ಕನ್ನಡದ ಪುಸ್ತಕ, ಕನ್ನಡ ಬಲ್ಲ ಉಪಾಧ್ಯಾಯ. ಮಾಧವ ದಣ್ಣಾಯಕನ ವಂಶದವರ ಕೋಟೆಯನ್ನು ನೀರು ನುಂಗಿತು. ಕೋಟೆಯು ಮುಳುಗಿದರೆ ಚಿಂತೆಯಿಲ್ಲ. ಮಕ್ಕಳ ಬಾಯಿಂದ ಮಾತು ಹೋದರೆ, ಯಾವ ಅರಸನೂ ಅದನ್ನು ಗೆದ್ದು ತಂದುಕೊಡಲಾರನು.