ಎರೆಗೂ ಮಸಾರಿಗೂ ಒಂದೇ ಹದವೇ?

ಈ ಸಂಚಿಕೆಗೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಶಾಲೆಗಳಿಂದ ಮಕ್ಕಳ ಚಿತ್ರಗಳನ್ನು ತರಿಸಿಕೊಂಡೆವು. ಕೊಟ್ಟ ವಿಷಯ ‘ನಮ್ಮೂರು, ನಮ್ಮವ್ವ’. ಮೂರು ದಿನ ಮೇಜಿನ ತುಂಬ ಹರಡಿಕೊಂಡು ನೋಡಿದೆ. ಮಕ್ಕಳ ಕಣ್ಣು ಸುಳ್ಳು ಹೇಳುವುದಿಲ್ಲ. ಕೂಡ್ಲಿಗಿ ಕಡೆಯ ಮಸಾರಿ ಹೊಲ ಕೆಂಪಗೇ ಇದೆ. ಎರೆಹೊಲ ಬಿಡಿಸಿದವರು ಕಪ್ಪು ಕಡ್ಡಿ ಮುರಿಯುವಷ್ಟು ಒತ್ತಿ ಬಳಿದಿದ್ದಾರೆ. ಗುಡೇಕೋಟೆಯ ಕರಡಿಗೆ ಕಪ್ಪು ಹಚ್ಚಲು ಯಾರೂ ಹಿಂಜರಿದಿಲ್ಲ. ಹಡಗಲಿಯ ಮಲ್ಲಿಗೆ ಅವ್ವನ ಹೆರಳಲ್ಲಿ ಬೆಳ್ಳಗೆ ಅರಳಿದೆ.

ಅವ್ವನ ಮುಖ ಮಾತ್ರ ಎಲ್ಲ ಹಾಳೆಗಳಲ್ಲೂ ಒಂದೇ ಬಣ್ಣ. ತೆಳು ಗುಲಾಬಿ. ಈ ಐದು ತಾಲ್ಲೂಕುಗಳಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ಕೀಳುವ, ಮೆಕ್ಕೆಜೋಳ ಮುರಿಯುವ ಯಾವ ತಾಯಿಯ ಮುಖದಲ್ಲೂ ನಾನು ಕಾಣದ ಬಣ್ಣ ಅದು.

ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಗು ಮೊದಲು ಕಂದು ಹಚ್ಚಿತ್ತು. ಎರಡು ಕೆನ್ನೆ, ಹಣೆ, ಗದ್ದ ಎಲ್ಲಕ್ಕೂ ಒಪ್ಪವಾಗಿ. ಆಮೇಲೆ ಉಗುರಿನಿಂದ ಅದನ್ನು ಕೆರೆದು ಮೇಲೆ ಗುಲಾಬಿ ಬಳಿದಿದೆ. ಕೆರೆದ ಗೀರುಗಳ ಸಂದಿಯಲ್ಲಿ ಕಂದು ಇನ್ನೂ ಇಣುಕುತ್ತಿತ್ತು. ಆ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದೆ. “ಸರ್, ಡಬ್ಬಿಯಾಗಿನ ಕಡ್ಡಿ ಮ್ಯಾಲೆ ‘ಸ್ಕಿನ್’ ಅಂತ ಬರದೈತಲ್ಲ, ಮಕಕ್ಕೆ ಅದನ್ನೇ ಹಚ್ಚಬೇಕು ಅಂತ ಮಕ್ಕಳು ತಿಳ್ಕಂಡಾವೆ” ಎಂದರು.

ಅಲ್ಲಿಂದ ನನಗೆ ಬೇರೆ ಯಾವುದರ ಬಗ್ಗೆಯೂ ಬರೆಯಲಾಗಲಿಲ್ಲ.

ಇದೇ ‘ಸ್ಕಿನ್’ ಹೆಸರಿನ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಯೊಬ್ಬರು ಕೆಲವು ವರ್ಷಗಳ ಹಿಂದೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದರು. ಇಷ್ಟು ಸಣ್ಣದಕ್ಕೂ ಕೋರ್ಟೇ ಎಂದು ಅನೇಕರಿಗೆ ಅನ್ನಿಸಿರಬೇಕು. ಕೆರೆದ ಆ ಹಾಳೆ ನೋಡಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ‘ಫ್ಲೆಶ್’ ಎಂದು ಕರೆಯುತ್ತಿದ್ದ ಇಂಥದೇ ಕಡ್ಡಿಗೆ 1962ರಲ್ಲೇ ‘ಪೀಚ್’ ಎಂದು ಹೆಸರು ಬದಲಿಸಿತ್ತು.

ದಿನಬಳಕೆಯ ವಸ್ತುವನ್ನು ಮಾಡುವವರ ಮನಸ್ಸಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಅವನ ಮೈಬಣ್ಣವೇ ಅಳತೆಗೋಲು ಆಗಿಬಿಡುತ್ತದೆ. ಬಣ್ಣದ ಫೋಟೊ ಇದಕ್ಕೆ ದೊಡ್ಡ ಉದಾಹರಣೆ. ನಮ್ಮ ಮನೆಯಲ್ಲಿ ಕೊಟ್ಟೂರು ಜಾತ್ರೆಯ ದಿನ ತೆಗೆಸಿದ ಒಂದು ಪಟ ಇದೆ. ತೇರು ನೋಡಿಕೊಂಡು ಮನೆಮಂದಿಯೆಲ್ಲ ಸ್ಟುಡಿಯೊಗೆ ಹೋಗಿದ್ದೆವು. ಒಳಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಫೋಟೊ ತೆಗೆಯುವಾತ ಕ್ಯಾಮೆರಾದಿಂದ ತಲೆಯೆತ್ತಿ ಅವ್ವನಿಗೆ, “ಅಕ್ಕಾ, ಮಕಕ್ಕೆ ಒಂಚೂರು ಪೌಡರ್ ಹಚ್ಕೆಳ್ರಿ” ಎಂದ. ಅವ್ವ ಹಚ್ಚಿಕೊಂಡಳು. ಆದರೂ ಪಟದಲ್ಲಿ ಸೋದರತ್ತೆಯ ಬಿಳಿ ಸೀರೆಯ ಒಂದೊಂದು ನೆರಿಗೆಯೂ ಕಾಣುತ್ತದೆ, ಅವ್ವನ ಮುಖದಲ್ಲಿ ಮೂಗುಬೊಟ್ಟು ಮತ್ತು ಕಣ್ಣು ಮಾತ್ರ. ‘ನನ್ನ ಬಣ್ಣವೇ ಹಂಗೆ’ ಎಂದು ಅವ್ವ ಕಡೆಯವರೆಗೂ ನಂಬಿದ್ದಳು.

ತಪ್ಪು ಅವಳ ಬಣ್ಣದ್ದಾಗಿರಲಿಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕೊಡಾಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಣ್ಣಿನ ಮುಖ. ಮೊದಲ ರೂಪದರ್ಶಿಯ ಹೆಸರಿನಿಂದ ಅದು ‘ಶರ್ಲಿ ಕಾರ್ಡ್’ ಆಯಿತು. ಆ ಮುಖ ಸರಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕೆನಡಾದ ಲೋರ್ನಾ ರಾತ್ ಈ ಕಥೆಯನ್ನು ದಾಖಲಿಸಿದ್ದಾರೆ. ಫಿಲ್ಮ್ ಗಾಢ ಬಣ್ಣಗಳ ಬಗ್ಗೆ ಯೋಚಿಸಲು ಶುರು ಮಾಡಿದ್ದರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರ ತಕರಾರಿಗೆ ದೊಡ್ಡ ಪಾಲಿದೆಯಂತೆ. ಅವರ ಸರಕಿನ ಕಂದು ಛಾಯೆಗಳು ಜಾಹೀರಾತಿನಲ್ಲಿ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಮೇಜು ಕುರ್ಚಿಗೆ ಸಿಕ್ಕ ನ್ಯಾಯ ಕಪ್ಪು ತಾಯಂದಿರ ಮುಖಕ್ಕೆ ಅಷ್ಟು ದಿನ ಸಿಕ್ಕಿರಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ಪಟ ಕಪ್ಪಾದರೆ ಮನಸ್ಸಿಗೆ ನೋವು. ಜೀವಕ್ಕೇ ಸಂಚಕಾರ ತರಬಲ್ಲ ವಸ್ತುವೂ ಇದೆ. ಕೋವಿಡ್ ಎರಡನೇ ಅಲೆಯ 2021ರ ಏಪ್ರಿಲ್, ಮೇ ತಿಂಗಳು ನೆನಪಿಸಿಕೊಳ್ಳಿ. ಆಶಾ ಕಾರ್ಯಕರ್ತೆಯರು ಆಕ್ಸಿಮೀಟರ್ ಹಿಡಿದು ಮನೆಮನೆ ತಿರುಗಿದರು. ಮೆಡಿಕಲ್ ಶಾಪುಗಳಲ್ಲಿ ಅದಕ್ಕೆ ಸಾಲು ನಿಂತೆವು. 94ಕ್ಕಿಂತ ಮೇಲಿದ್ದರೆ ಮನೆ, ಕೆಳಗಿಳಿದರೆ ಆಸ್ಪತ್ರೆ ಎಂಬುದು ಎಲ್ಲರ ಬಾಯಲ್ಲೂ ಇತ್ತು. ಈ ಯಂತ್ರದ ತತ್ವವನ್ನು ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ, 1970ರ ದಶಕದಲ್ಲಿ. ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎರಡನ್ನೂ ಬೆರಳಿನೊಳಗೆ ಹಾಯಿಸಿ, ರಕ್ತ ಎಷ್ಟು ಹೀರಿತು ಎಂಬುದರಿಂದ ಆಮ್ಲಜನಕದ ಲೆಕ್ಕ ಹಾಕುತ್ತದೆ. ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಆ ಲೆಕ್ಕ ಸರಿಯಾಗಿ ಹಿಡಿಯದಿದ್ದರೆ ಕಪ್ಪು ಬೆರಳಿನಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು.

2020ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ ಅಮೆರಿಕದ ಅಧ್ಯಯನವೊಂದನ್ನು ಪ್ರಕಟಿಸಿತು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯ ರೋಗಿಗಳಲ್ಲಿ ನೂರಕ್ಕೆ 3.6, ಕಪ್ಪು ರೋಗಿಗಳಲ್ಲಿ ನೂರಕ್ಕೆ 11.7. ನಮ್ಮಲ್ಲಿ ಎರಡನೇ ಅಲೆ ಬರುವುದಕ್ಕೆ ನಾಲ್ಕು ತಿಂಗಳ ಮೊದಲಿನ ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಸೂಚನೆಯಲ್ಲಿ, ಪರೀಕ್ಷೆಗೆ ಒಳಪಡುವವರ ಪೈಕಿ ಗಾಢ ಬಣ್ಣದವರು ಇಬ್ಬರು ಅಥವಾ ನೂರಕ್ಕೆ 15, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಇದ್ದರೆ ಸಾಕಿತ್ತು. 2025ರ ಜನವರಿಯಲ್ಲಿ ಅದೇ ಸಂಸ್ಥೆ ಹೆಚ್ಚು ಜನರ ಮೇಲೆ, ಎಲ್ಲ ಬಗೆಯ ಮೈಬಣ್ಣಗಳ ಮೇಲೆ ಪರೀಕ್ಷಿಸಬೇಕೆಂಬ ಕರಡು ತಂದಿದೆ. ಕೇಳುವವರು ಕೇಳಿದ್ದರಿಂದ ಅಷ್ಟಾಯಿತು.

ಈಗ ನಮ್ಮ ಅಂಗನವಾಡಿಗಳಲ್ಲಿ ತಾಯಂದಿರ ಮುಖವನ್ನು ಮೊಬೈಲ್ ಗುರುತಿಸಿದ ಮೇಲೆಯೇ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಎಂಬ ನಿಯಮ 2025ರ ಜುಲೈನಿಂದ ಬಂದಿದೆ. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಕಪ್ಪು ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ದೊಡ್ಡ ಸಾಫ್ಟ್‌ವೇರುಗಳನ್ನು ಪರೀಕ್ಷಿಸಿದ್ದರು. ತಿಳಿಬಣ್ಣದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8, ಗಾಢ ಬಣ್ಣದ ಹೆಂಗಸರಲ್ಲಿ 34.7ರವರೆಗೆ. ನಮ್ಮ ತಾಯಂದಿರ ಮುಂದೆ ಹಿಡಿಯುವ ಮೊಬೈಲನ್ನು ಯಾರ ಮುಖಗಳ ಮೇಲೆ ಪಳಗಿಸಿದ್ದಾರೆ ಎಂದು ಕೇಳುವ ಹಕ್ಕು ನಮಗಿದೆ. ಕೇಳಬೇಕು.

ನಮ್ಮ ಬಣ್ಣವನ್ನು ಕಾಣದ ವಸ್ತುಗಳ ಮಾತು ಇಷ್ಟಾಯಿತು. ಅದನ್ನು ಚೆನ್ನಾಗಿ ಕಂಡು, ಕಳೆಯಬೇಕಾದ ಕೊಳೆ ಎಂಬಂತೆ ತೋರಿಸಿ ವ್ಯಾಪಾರ ಮಾಡಿದ ವಸ್ತುವೂ ಇದೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನ ‘ಫೇರ್’ ಬಿಟ್ಟದ್ದು 2020ರಲ್ಲಿ. ನಡುವೆ 45 ವರ್ಷ. ಆದರೆ ಆ ಕ್ರೀಮಿಗೆ ನೆಲ ಹದ ಮಾಡಿಕೊಟ್ಟವರು ನಾವೇ. ಹೆಣ್ಣು ನೋಡಿ ಬಂದು ಜಗುಲಿಯಲ್ಲಿ ಕೂತು ‘ಎಲ್ಲ ಚೆಂದ, ಬಣ್ಣ ಒಂದು ಕಮ್ಮಿ’ ಎಂದವರು ನಾವು. ಹೆಣ್ಣುಕೂಸು ಹುಟ್ಟಿದ ಮನೆಯಲ್ಲಿ ತೂಕಕ್ಕಿಂತ ಮೊದಲು ಬಣ್ಣ ಕೇಳಿದವರೂ ನಾವೇ. ಕಂಪನಿಯನ್ನು ಪ್ರಶ್ನಿಸುವ ಬಾಯಿ ಮೊದಲು ಈ ಮಾತನ್ನು ಬಿಡಬೇಕು.

ಕನ್ನಡಕ್ಕೆ ಮೈಬಣ್ಣದ ಬಡತನವಿಲ್ಲ. ಎಣ್ಣೆಗಪ್ಪು, ಎಣ್ಣೆಗೆಂಪು, ಸಾದಗಪ್ಪು, ಗೋಧಿಬಣ್ಣ ಎಂದೆಲ್ಲ ಎಣಿಸುತ್ತ ಹೋದ ಹಿರಿಯರು ಕಣ್ಣಿಟ್ಟು ನೋಡಿದವರು. ಈ ಸೀಮೆಯ ರೈತರೂ ಅಷ್ಟೆ. ಮಸಾರಿಗೆ ಸಣ್ಣ ಮಳೆಯಲ್ಲೇ ಹದ ಬರುತ್ತದೆ, ಎರಡು ದಿನ ಬಿಸಿಲು ಕಾದರೆ ಹೋಗುತ್ತದೆ. ಎರೆಗೆ ದೊಡ್ಡ ಮಳೆಯೇ ಬೇಕು, ಕುಡಿದ ಮೇಲೆ ಹಿಂಗಾರಿ ಜೋಳಕ್ಕೂ ತೇವ ಉಳಿಸಿಕೊಳ್ಳುತ್ತದೆ. ಇದೇ ಸರಿಯಾದ ಮಣ್ಣು, ಅದು ಕೆಟ್ಟದ್ದು ಎಂದು ಯಾವ ರೈತನೂ ಹೇಳುವುದಿಲ್ಲ. ಮಣ್ಣು ನೋಡಿ ಕೂರಿಗೆ ಹೂಡುತ್ತಾನೆ. ವಸ್ತು ಮಾಡುವವರಿಂದ ನಾವು ಕೇಳುವುದೂ ಇದನ್ನೇ: ಮೊದಲು ಮಣ್ಣು ನೋಡಿ.

ಕೆರೆದ ಆ ಚಿತ್ರವನ್ನೇ ಈ ಸಂಚಿಕೆಯ ಮುಖಪುಟಕ್ಕೆ ತೆಗೆದುಕೊಂಡಿದ್ದೇವೆ. ಐದೂ ತಾಲ್ಲೂಕುಗಳ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಡಬ್ಬಿ ಕೊಡುವಾಗ ಆ ಒಂದು ಕಡ್ಡಿಗೆ ಸುತ್ತಿದ ಹೆಸರಿನ ಕಾಗದ ಸುಲಿದು ಕೊಡಿ. ಮಗು ತನ್ನ ಮುಂಗೈಯನ್ನು ಹಾಳೆಯ ಮೇಲಿಟ್ಟುಕೊಂಡು, ಕಂದು, ಹಳದಿ, ಕೆಂಪು ಬೆರೆಸಿ ಆ ಬಣ್ಣ ಬರುವವರೆಗೂ ತೀಡಲಿ. ಬಂದ ಬಣ್ಣಕ್ಕೆ ಏನು ಹೆಸರಿಟ್ಟಿತು ಎಂಬುದನ್ನು ನಮಗೆ ಬರೆದು ಕಳಿಸಿ. ಆ ಹೆಸರುಗಳನ್ನೆಲ್ಲ ಪ್ರಕಟಿಸುತ್ತೇವೆ.